ಚಕ್ಕುಬಂದಿ ಇಲ್ಲದ ಮನೆ

ಶಾಲೆ ಇರುವ ದಿನ ಸಮವಸ್ತ್ರ ತೊಟ್ಟ ಮಗುವೊಂದು ನಮ್ಮ ಮಕ್ಕಳ ರಕ್ಷಣಾ ಕಚೇರಿಯ ಬೆಂಚಿನ ಮೇಲೆ ಕೂತಿದೆ ಅಂದರೆ ಒಳ್ಳೆಯ ಸಮಾಚಾರ ಇರುವುದಿಲ್ಲ. ನಾನು ಅವತ್ತು ತಾನೇ ಚುನಾವಣೆ ಕೆಲಸದಿಂದ ಬಿಡುಗಡೆಯಾಗಿ ನನ್ನ ಮೇಜಿಗೆ ಮರಳಿದ್ದೆ. ಮತದಾರರ ಪಟ್ಟಿ ಹಿಡಿದು ಬೀದಿ ಬೀದಿ ಅಲೆದು ಚಪ್ಪಲಿ ಸವೆದಿತ್ತು. ಇನ್ನು ಫ್ಯಾನಿನ ಕೆಳಗೆ ಕೂತು ಕೆಲಸ ಮಾಡಬಹುದಲ್ಲ ಎಂದು ಸಮಾಧಾನದಿಂದ ಒಳಗೆ ಬಂದರೆ, ಬೆಂಚಿನ ಮೇಲೆ ಕೆಸರೆ ಬಡಾವಣೆಯ ಪೋಷಕ ತಾಯಿ, ಪಕ್ಕದಲ್ಲಿ ಅವರು ಸಾಕುತ್ತಿದ್ದ ಹುಡುಗಿ. ಹುಡುಗಿ ಬ್ಯಾಗನ್ನು ಬೆನ್ನಿಗೆ ಹಾಕಿರಲಿಲ್ಲ, ಎದೆಗೆ ಅವುಚಿಕೊಂಡಿದ್ದಳು.

"ಅವ್ನು ಬಂದ್ಬುಟ್ಟಿದ್ದ ಅಕ್ಕಾ," ಅಂದರು ಆಕೆ. "ನಮ್ಮನೆ ಎದುರ್ಗೇ ನಿಂತಿದ್ದ. ಎಂಗೆ ಗೊತ್ತಾಯ್ತೋ ಏನೋ."

'ಅವನು' ಅಂದರೆ ಯಾರೆಂದು ನನಗೆ ಬಿಡಿಸಿ ಹೇಳಬೇಕಿರಲಿಲ್ಲ.

ಪೋಷಕ ಕುಟುಂಬ ಅಂದರೆ ದತ್ತು ಅಲ್ಲ. ಹೆತ್ತವರಿಲ್ಲದ, ಇದ್ದರೂ ಅವರ ಬಳಿ ಇರಲಾಗದ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಒಂದು ಮನೆಯವರು ತಮ್ಮದೆಂಬಂತೆ ಸಾಕುತ್ತಾರೆ. ಊಟ, ಓದು, ಜ್ವರ, ಹಟ ಎಲ್ಲ ಅವರದು; ಮಗು ಮಾತ್ರ ಕಾಗದದ ಮೇಲೆ ಸರ್ಕಾರದ್ದು. ಆ ಮನೆ ಯಾವುದು ಎನ್ನುವುದು ಹೊರಗಿನವರಿಗೆ ತಿಳಿಯಬಾರದು. ಅಂಥ ಮನೆಗಳ ಕಡತಗಳೆಲ್ಲ ಇರುವುದು ನನ್ನ ಹಿಂದಿನ ಕಬ್ಬಿಣದ ಬೀರುವಿನಲ್ಲಿ.

ಈ ಹುಡುಗಿಯ ತಾಯಿ ತೀರಿಕೊಂಡ ಮೇಲೆ ಸೋದರಮಾವ ಕರೆದುಕೊಂಡು ಹೋಗಿದ್ದ. ಸೋದರಮಾವ ಅಂದರೆ ನಮ್ಮ ಕಡೆ ತಾಯಿಯ ಸಮ ಅನ್ನುತ್ತಾರೆ. ಯಾರೂ ಎರಡು ಮಾತಾಡಲಿಲ್ಲ. ಅವನು ಇವಳನ್ನು ಒಬ್ಬರ ಮನೆಗೆಲಸಕ್ಕೆ ಬಿಟ್ಟ. ಅಲ್ಲಿ ಕುದಿಯುವ ಅನ್ನದ ಗಂಜಿ ಬಸಿಯಲು ಹೋಗಿ ಬಲ ಮುಂಗೈ ಬೆಂದಿತು. ಅದಕ್ಕೆ ಔಷಧಿಯನ್ನೂ ಕೊಡಿಸದೆ ಮಾರನೆಯ ದಿನ ಅದೇ ಮನೆಗೆ ಕಳಿಸಿದ್ದ. ಶಾಲೆಯ ಮೇಡಂ ಒಬ್ಬರ ಕಣ್ಣಿಗೆ ಬಿದ್ದು ಮಗು ನಮ್ಮಲ್ಲಿಗೆ ಬಂತು. ಅವನಿಗೆ ಅವಳ ವಾಸಸ್ಥಳ ತಿಳಿಯಕೂಡದು ಎಂದು ಸಮಿತಿ ಆದೇಶ ಮಾಡಿತು.

ಕೆಸರೆಯ ಆ ಮನೆಯಲ್ಲಿ ಗಂಡ ಗೂಡ್ಸ್ ಆಟೋ ಓಡಿಸುತ್ತಾರೆ, ಹೆಂಡತಿ ಸೀರೆಗೆ ಫಾಲ್ಸ್ ಹಾಕಿ ಜಿಗ್‌ಜಾಗ್ ಹೊಲಿಯುತ್ತಾರೆ. ಅವರಿಗೆ ಮಕ್ಕಳಿಲ್ಲ. ಹುಡುಗಿ ಬಂದ ಹೊಸದರಲ್ಲಿ ಹೊಲಿಗೆ ಯಂತ್ರದ ಕೆಳಗೇ ಮಲಗುತ್ತಿದ್ದಳಂತೆ. ಆಮೇಲೆ ಯಂತ್ರದ ಪಕ್ಕದ ಚಾಪೆಗೆ, ಅಲ್ಲಿಂದ ಆಕೆಯ ಮಗ್ಗುಲಿಗೆ ಬಂದಳು. ಅಷ್ಟು ದೂರ ಬರಲು ಒಂದು ವರ್ಷ ಹಿಡಿಯಿತು.

"ಬೈದ್ನಾ? ಹೊಡೆಯಕ್ ಬಂದ್ನಾ?" ಎಂದು ಕೇಳಿದೆ.

"ಇಲ್ಲ ಕಣಕ್ಕಾ, ಬೈದಿದ್ರೆ ನಾನೇ ಒಂದು ಕೈ ನೋಡ್ತಿದ್ದೆ. ಬಾಳೆಹಣ್ಣು ತಂದಿದ್ದ. 'ಬಾ ಕಂದಾ, ಮಾವ ಬಂದಿವ್ನಿ' ಅಂತ ನಗ್‌ನಗ್ತಾ ಕರ್ದ. ಇವ್ಳು ಹೋಗಿ ಮಿಷಿನ್ ಕೆಳಗೆ ಸೇರ್ಕೊಂಬುಟ್ಲು."

ನಮ್ಮ ಅಧಿಕಾರಿ ಮೇಡಂ ಹೊಸಬರು, ಚುರುಕಿನವರು. ಮೊದಲು ಪೊಲೀಸರಿಗೆ ಫೋನ್ ಮಾಡಿದರು. ಆಮೇಲೆ ಪೋಷಕ ತಾಯಿಯ ಕಡೆ ತಿರುಗಿ, "ನೀವು ಯಾರ ಹತ್ರಾನಾದ್ರೂ ಹೇಳಿದ್ರಾ? ನೆನಪು ಮಾಡ್ಕೊಳ್ಳಿ," ಅಂದರು.

"ಹೇಳೋದಾಗಿದ್ರೆ ಮೊದ್ಲು ನಮ್ಮತ್ತೆಗೆ ಹೇಳ್ತಿದ್ದೆ ಮೇಡಂ. ಅವ್ರು ಇವತ್ಗೂ ಇವ್ಳು ನನ್ನ ತಂಗಿ ಮಗ್ಳು ಅಂದ್ಕೊಂಡವ್ರೆ. ನಂಗೆ ತಂಗೀನೇ ಇಲ್ಲ. ನಮ್ಮ ಮದ್ವೇಲಿ ಹೂವ ಹಂಚ್ತಿದ್ದ ಯಾವ್ಳನ್ನೋ ನನ್ ತಂಗಿ ಅಂತ ಮಾಡ್ಕೊಂಡವ್ರೆ. ನಾನೂ ಔದು ಅಂದ್ಬುಟ್ಟಿದೀನಿ."

ಬೆಂಚಿನ ಮೇಲೆ ಕೂತ ಹುಡುಗಿ ಆ ಹೊತ್ತಿನಲ್ಲೂ ಕಿಸಕ್ಕನೆ ನಕ್ಕಳು. ಮನೆಯೊಳಗೆ ಇದು ಇಬ್ಬರೂ ಸೇರಿ ನಗುವ ಮಾತು ಅಂತ ನನಗೆ ಆಗ ತಿಳಿಯಿತು.

ಹಾಗಾದರೆ ಮಾತು ಸೋರಿದ್ದು ಎಲ್ಲಿಂದ ಎಂದು ಹುಡುಕುವ ಕೆಲಸ ನನಗೆ ಬಂತು. ಕಡತ ಬೀರುವಿನಿಂದ ಹೊರಗೆ ಬಂದದ್ದು ಯಾವಾಗ ಎಂದು ನೋಡಿದೆ. ಒಂದೇ ಸಲ, ನಾನು ಚುನಾವಣೆ ಕೆಲಸದಲ್ಲಿದ್ದಾಗ. ಶ್ರೀರಾಂಪುರದ ಒಬ್ಬ ನಿವೃತ್ತ ಮೇಷ್ಟ್ರು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದರು. ಪೋಷಕ ಕುಟುಂಬಗಳ ಮನೆಗೆ ನಿಜವಾಗಿಯೂ ಯಾರಾದರೂ ಹೋಗಿ ನೋಡುತ್ತಾರೆಯೋ, ಇಲ್ಲ ಕಚೇರಿಯಲ್ಲಿ ಕೂತು ವರದಿ ಗೀಚುತ್ತಾರೋ ತಿಳಿಯಬೇಕು, ಗೃಹ ಪರಿಶೀಲನಾ ವರದಿಗಳ ನಕಲು ಕೊಡಿ ಎಂದು. ನಮ್ಮವರು ಮೊದಲು ಆಗುವುದಿಲ್ಲ ಅಂದಿದ್ದರು. ಮೇಷ್ಟ್ರು ಮೇಲ್ಮನವಿ ಹೋದರು. ಗುರುತು ಮರೆಮಾಡಿ ನಕಲು ಕೊಡತಕ್ಕದ್ದು ಎಂದು ಮೇಲಿನಿಂದ ಆದೇಶವಾಯಿತು. ಕೊಟ್ಟರು.

ಕೊಟ್ಟ ನಕಲಿನ ಕಚೇರಿ ಪ್ರತಿ ತೆಗೆದು ಕಿಟಕಿಯ ಬಳಿ ಕೂತೆ. ನನ್ನ ಸಹೋದ್ಯೋಗಿಗಳನ್ನು ದೂರುವಂತಿರಲಿಲ್ಲ. ಹೆಸರು, ಬಾಗಿಲ ನಂಬರು, ಬೀದಿ, ಫೋನು, ಆಧಾರ್, ಪಡಿತರ ಚೀಟಿ, ಶಾಲೆಯ ಹೆಸರು ಎಲ್ಲದರ ಮೇಲೂ ಕಪ್ಪು ಶಾಯಿ ಎಳೆದಿದ್ದರು. ಬರೀ ಶಾಯಿ ಎಳೆದರೆ ಬೆಳಕಿಗೆ ಹಿಡಿದಾಗ ಅಕ್ಷರ ಮೂಡುತ್ತದೆಂದು, ಎಳೆದದ್ದನ್ನು ಜೆರಾಕ್ಸ್ ಮಾಡಿ, ಆ ಜೆರಾಕ್ಸನ್ನು ಮತ್ತೆ ಜೆರಾಕ್ಸ್ ಮಾಡಿದ್ದರು. ಮೂಲ ವರದಿಯನ್ನು ಪಕ್ಕದಲ್ಲಿಟ್ಟು, ಸ್ಕೇಲು ಹಿಡಿದು ಸಾಲು ಸಾಲಾಗಿ ಹೋಲಿಸಿದೆ. ಒಂದು ಹೆಸರೂ ತಪ್ಪಿಸಿಕೊಂಡಿರಲಿಲ್ಲ. ಸಂಜೆಗೆ ಅಧಿಕಾರಿ ಮೇಡಂ ಬಳಿ ಹೋಗಿ, "ಇದ್ರಿಂದ ಆಗಿರೋದಲ್ಲ ಮೇಡಂ," ಅಂದೆ. ಅವರು, "ಯಾವುದಕ್ಕೂ ಆ ಮೇಷ್ಟ್ರನ್ನ ಒಂದು ಮಾತು ಕೇಳಿಬನ್ನಿ," ಅಂದರು.

ಆ ವರದಿಗಳನ್ನು ಬರೆಯುತ್ತಿದ್ದವರ ಬಗ್ಗೆ ಇಲ್ಲಿ ಹೇಳಬೇಕು. ಅವರು ನಿವೃತ್ತ ಕಂದಾಯ ನಿರೀಕ್ಷಕರು. ಗುತ್ತಿಗೆಯ ಮೇಲೆ ನಮ್ಮಲ್ಲಿ ಮನೆ ನೋಡುವ ಕೆಲಸಕ್ಕೆ ಬಂದವರು. ನಾವೆಲ್ಲ ಸಾಹೇಬರು ಅನ್ನುತ್ತಿದ್ದೆವು. ಮನೆಯಲ್ಲಿ ನಮ್ಮಜ್ಜಿ ನನಗೆ ಮಾತು ಕಲಿಸಿದರೆ, ಕಾಗದದ ಮೇಲೆ ಮಾತು ಇಡುವುದನ್ನು ಕಲಿಸಿದವರು ಇವರು. ಅವರ ವರದಿ ಓದಿದರೆ ಆ ಮನೆಯೊಳಗೆ ಕೂತು ನೀರು ಕುಡಿದು ಬಂದ ಹಾಗಾಗುತ್ತಿತ್ತು. ಕೆಸರೆಯ ಈ ಮನೆಯ ಬಗ್ಗೆ ಅವರು ಬರೆದಿದ್ದ ಒಂದು ಸಾಲು ನನಗೆ ಬಾಯಿಪಾಠ: 'ಅಡುಗೆಮನೆಯಲ್ಲಿ ಲೋಟಗಳನ್ನು ಮಗುವಿನ ಕೈಗೆಟುಕುವ ಎತ್ತರದಲ್ಲಿ ಇಟ್ಟಿರುತ್ತಾರೆ. ಮಗು ಯಾರನ್ನೂ ಕೇಳದೆ ನೀರು ಕುಡಿಯುತ್ತದೆ.'

ಮಾರನೆಯ ದಿನ ಶ್ರೀರಾಂಪುರಕ್ಕೆ ಹೋದೆ. ಹೊಸ ಬಡಾವಣೆ, ಮನೆಗಿಂತ ಖಾಲಿ ಸೈಟುಗಳೇ ಜಾಸ್ತಿ. ಮೇಷ್ಟ್ರು ಗೇಟಿನಲ್ಲೇ ನನ್ನ ಗುರುತಿನ ಚೀಟಿ ಓದಿ, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿ ಒಳಗೆ ಬಿಟ್ಟರು. ವಿಷಯ ಹೇಳಿದೆ.

"ನೋಡಮ್ಮ, ನಾನು ನಿಮ್ಮ ಇಲಾಖೆ ಮೇಲೆ ತಪ್ಪು ಹುಡುಕೋಕೇ ಹೊರಟೋನು. ಇಲ್ಲ ಅನ್ನಲ್ಲ. ಆದ್ರೆ ಆ ವರದಿ ಓದಿ ನನಗೇ ನಾಚಿಕೆ ಆಯ್ತು. ಎಷ್ಟು ಚೆನ್ನಾಗಿ ನೋಡಿದಾರೆ, ಎಷ್ಟು ಚೆನ್ನಾಗಿ ಬರೆದಿದಾರೆ. ಒಂದು ವರದಿಯನ್ನಂತೂ ನಮ್ಮ ಬಡಾವಣೆ ವಾಟ್ಸಾಪ್ ಗುಂಪಿಗೆ ಹಾಕಿ, ಸರ್ಕಾರದಲ್ಲೂ ಇಂಥೋರಿದಾರೆ, ಓದಿ ಅಂತ ಬರೆದೆ. ಅದ್ರಲ್ಲಿ ಯಾರ ಹೆಸರೂ ಇಲ್ಲವಲ್ಲ."

ಮೊಬೈಲು ತೆಗೆದು ತೋರಿಸಿದರು. ಅದೇ ವರದಿ. ಅದೇ ಲೋಟದ ಸಾಲು. ಜನ ಮೆಚ್ಚಿ ಇನ್ನೊಂದು ಗುಂಪಿಗೆ, ಅಲ್ಲಿಂದ ಮತ್ತೊಂದಕ್ಕೆ ಕಳಿಸಿದ್ದರು.

ಅಷ್ಟರಲ್ಲಿ ಅವರ ಹೆಂಡತಿ ಕಾಫಿ ತಂದಿಟ್ಟರು. ಗಂಡನ ಹೆಗಲ ಮೇಲಿಂದ ಬಗ್ಗಿ ಮೊಬೈಲು ನೋಡಿ, "ಅದೇ ಅಲ್ವಾ, ನಮ್ಮ ಕೆಸರೆ ಫಾಲ್ಸಿನವಳ ಮನೆ?" ಅಂದರು.

ಎತ್ತಿದ್ದ ಲೋಟವನ್ನು ಕೆಳಗಿಟ್ಟೆ. "ಅಮ್ಮಾ, ನಿಮಗೆ ಹೇಗೆ ಗೊತ್ತಾಯ್ತು?"

"ನನ್ನ ತವರು ಕೆಸರೆ ಕಣಮ್ಮ. ಇಲ್ನೋಡಿ, ಕೊನೇಲಿ ಬರೆದಿದಾರಲ್ಲ. ಪೂರ್ವಕ್ಕೆ ಗರಡಿ ಮನೆ, ಪಶ್ಚಿಮಕ್ಕೆ ಹಿಟ್ಟಿನ ಗಿರಣಿ. ಗರಡಿಗೂ ಗಿರಣಿಗೂ ಮಧ್ಯ ಇರೋದು ಅದೊಂದೇ ಮನೆ. ಇವ್ರಿಗೆ ಅವತ್ತೇ ಹೇಳ್ದೆ."

"ನೀನು ಫಾಲ್ಸಿನವಳು ಅಂದೆ," ಅಂದರು ಮೇಷ್ಟ್ರು. "ನಾನು ಸರ್ಕಾರಿ ವರದಿ ಓದ್ತಿದ್ದೆ. ಎರಡೂ ಒಂದೇ ಅಂತ ನನಗೆ ಹೇಗೆ ಹೊಳೀಬೇಕು?"

"ಹೊಳೆಯೋದಿರ್ಲಿ, ನಾನು ಮಾತಾಡಿದ್ದು ಕಿವಿಗೆ ಬಿದ್ದಿದ್ರೆ ಸಾಕಾಗಿತ್ತು."

ಅದು ಚಕ್ಕುಬಂದಿ. ಮನೆಗೋ ಹೊಲಕ್ಕೋ ಪತ್ರ ಬರೆಯುವಾಗ ನಾಲ್ಕು ದಿಕ್ಕಿಗೂ ಏನೇನಿದೆ ಎಂದು ಬರೆಯುತ್ತಾರಲ್ಲ, ಅದೇ. ಸಾಹೇಬರು ಇಡೀ ಸರ್ವೀಸು ಚಕ್ಕುಬಂದಿ ಬರೆದೇ ಬಂದವರು. ನಮ್ಮಲ್ಲಿ ಯಾರೂ ಕೇಳದಿದ್ದರೂ ಪ್ರತಿ ವರದಿಯ ಕೊನೆಗೆ ಅಭ್ಯಾಸಬಲದಿಂದ ಅದನ್ನೂ ಸೇರಿಸುತ್ತಿದ್ದರು. ಕಪ್ಪು ಶಾಯಿ ಎಳೆದವರ ಕಣ್ಣಿಗೆ ಅದು ನೆಲದ ವಿವರ, ಮನುಷ್ಯರ ಗುರುತಲ್ಲ. ಸ್ಕೇಲು ಹಿಡಿದು ಕೂತ ನನ್ನ ಕಣ್ಣೂ ಅದರ ಮೇಲೆ ಸುಮ್ಮನೆ ಜಾರಿಹೋಗಿತ್ತು. ಇನ್ನೊಂದು ಪುಟದಲ್ಲಿ 'ಮಗುವಿನ ಬಲ ಮುಂಗೈಯ ಸುಟ್ಟಗಾಯ ಪೂರ್ತಿ ಮಾಗಿದೆ' ಎಂದಿತ್ತು. ಅದನ್ನೂ ಮುಚ್ಚಿರಲಿಲ್ಲ. ಗುಂಪಿನಿಂದ ಗುಂಪಿಗೆ ಹೋಗಿ ವರದಿ ಸೋದರಮಾವನನ್ನೂ ಮುಟ್ಟಿರಬೇಕು; ಕೈ ಯಾರದೆಂದು ಅವನಿಗೆ ಆ ಸಾಲು ಹೇಳಿತು, ಮನೆ ಎಲ್ಲಿ ಎಂದು ಕೊನೆಯ ಸಾಲು ಹೇಳಿತು.

ಮೇಷ್ಟ್ರು ಕೂಡಲೇ ಆ ವರದಿಯನ್ನು ಗುಂಪಿನಿಂದ ಅಳಿಸಿ, ಅದನ್ನು ಮುಂದೆ ಕಳಿಸಿದವರಿಗೆ ಒಬ್ಬೊಬ್ಬರಿಗೇ ಫೋನ್ ಹಚ್ಚತೊಡಗಿದರು. ನಾನು ಗೇಟು ದಾಟುವಾಗಲೂ ಅವರ ದನಿ ಕೇಳುತ್ತಿತ್ತು. "ಸ್ವಾಮಿ, ಒಂದು ಉಪಕಾರ ಮಾಡಿ, ಅಳಿಸಿಬಿಡಿ. ಕಾರಣ ಕೇಳಬೇಡಿ."

ಸಾಹೇಬರಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಮಧ್ಯಾಹ್ನ ಊಟದ ಡಬ್ಬಿ ತೊಳೆದು ಒರೆಸುತ್ತಿದ್ದರು. ನಾನು ಹೇಳಿ ಮುಗಿಸುವವರೆಗೂ ಒರೆಸುತ್ತಲೇ ಇದ್ದರು.

"ಚಕ್ಕುಬಂದಿ ಇಲ್ಲದೆ ಮನೆ ಹೇಗೆ ನಿಲ್ಲುತ್ತೆ ಕಣಮ್ಮ?" ಅಂದರು ಕೊನೆಗೆ. ವಾದ ಮಾಡುವ ದನಿಯಲ್ಲ, ನಿಜವಾಗಿಯೂ ಕೇಳಿದರು. "ಇನ್ನೊಂದು ಕುಟುಂಬದ ಜೊತೆ ಅದಲುಬದಲು ಆಗಬಾರದು, ಯಾರೋ ಹೋಗಿ ಬೇರೆ ಮನೆ ನೋಡಿ ಬರಬಾರದು ಅಂತ ಬರೀತಿದ್ದೆ. ಮಗುವಿನ ಒಳ್ಳೇದಕ್ಕೇ ಬರೀತಿದ್ದೆ."

"ಗೊತ್ತು ಸಾಹೇಬರೇ."

"ನಾನು ಹೋಗಿ ಆ ಮನೆ ಜಗಲಿ ಮೇಲೆ ಕೂತ್ಕೋತೀನಿ. ಅವನು ಬರಲಿ."

ಅವರ ಮಂಡಿ ನೋವು ಎಂಥದ್ದೆಂದು ಗೊತ್ತಿದ್ದ ನನಗೆ ನಗುವೂ ಬರಲಿಲ್ಲ.

ಪೊಲೀಸರು ಸೋದರಮಾವನನ್ನು ಕರೆಸಿ ಎಚ್ಚರಿಕೆ ಕೊಟ್ಟರು. ಅವನು ಕೈಮುಗಿದು, ಅಕ್ಕನ ಮಗಳನ್ನು ನೋಡುವುದೂ ತಪ್ಪೇ ಎಂದು ಅತ್ತು, ಇನ್ನು ಹೋಗುವುದಿಲ್ಲ ಎಂದು ಬರೆದುಕೊಟ್ಟ. ಹುಡುಗಿ ಮಾತ್ರ ಶಾಲೆಗೆ ಹೋಗಲೊಲ್ಲಳು. ಮತ್ತೆ ಯಂತ್ರದ ಕೆಳಗೆ ಮಲಗತೊಡಗಿದ್ದಳು.

ಪರಿಸ್ಥಿತಿ ನೋಡಿ ವರದಿ ಕೊಡಲು ಸಮಿತಿ ನನ್ನನ್ನು ಕಳಿಸಿತು. ನಾನು ಹೋದಾಗ ಗರಡಿಯ ನಾಲ್ಕು ಜನ ಪೈಲ್ವಾನರು ಆ ಮನೆಯ ಮುಂದೆ ಕಟ್ಟೆಯ ಮೇಲೆ ಕೂತಿದ್ದರು. ಮೈಗೆಲ್ಲ ಕುಸ್ತಿ ಮಟ್ಟಿಯ ಮಣ್ಣು.

ಗೂಡ್ಸ್ ಆಟೋದಿಂದ ಇಳಿದು ಬಂದ ಗಂಡ ಹೆಮ್ಮೆಯಿಂದ ಹೇಳಿದರು. "ನೀವೇನೂ ಹೆದರ್ಬ್ಯಾಡಿ ಮೇಡಂ. ಪಾಳಿ ಹಾಕ್ಕೊಂಡವ್ರೆ. ಅವ್ನು ಬಂದ್ರೆ ಎತ್ತಿ ಗಿರಣಿ ಒಳಗೆ ಹಾಕ್ತಾರೆ."

"ರಾಗಿ ಜೊತೆಗೋ, ಗೋಧಿ ಜೊತೆಗೋ ಅಂತ ಕೇಳ್ಕೊಂಡೇ ಹಾಕ್ತೀವಿ," ಅಂದ ಒಬ್ಬ ಪೈಲ್ವಾನ. ಎಲ್ಲರೂ ನಕ್ಕರು.

ಒಳಗೆ ಪೋಷಕ ತಾಯಿ ಮಾತ್ರ ನಗಲಿಲ್ಲ. "ಬೀದಿಗೆಲ್ಲ ಗೊತ್ತಾಗೋಯ್ತು ಅಕ್ಕಾ. ಗರಡಿಯವ್ರು ಯಾಕೆ ಕೂತವ್ರೆ ಅಂತ ಕೇಳೋರ್ಗೆ ಏನೇಳ್ಲಿ? ನೆನ್ನೆ ಎದುರುಮನೆ ಹುಡ್ಗ ಇವ್ಳನ್ನ, 'ನೀನು ಸರ್ಕಾರದ್ ಮಗು ಅಂತೆ, ಔದಾ?' ಅಂತ ಕೇಳ್ದ. ನಮ್ಮತ್ತೇನೂ ಊರಿಂದ ಫೋನ್ ಮಾಡಿದ್ರು."

"ಏನಂದ್ರು?"

"ತಂಗಿ ಇಲ್ಲ ಅಂತ ಈಗ ನೆಪ್ಪಿಗೆ ಬಂತಂತೆ."

ಹುಡುಗಿ ಯಂತ್ರದ ಕೆಳಗಿಂದಲೇ ಇದನ್ನು ಕೇಳಿಸಿಕೊಂಡಳು. ಈ ಸಲ ನಗಲಿಲ್ಲ.

ವರದಿ ಬರೆಯುವಾಗ ನನ್ನ ಮುಂದೆ ಎರಡು ದಾರಿ ಇದ್ದವು. ಅವನ ಮುಚ್ಚಳಿಕೆಯನ್ನು ನಂಬಿ ಹುಡುಗಿಯನ್ನು ಅಲ್ಲೇ ಬಿಡುವುದು, ಇಲ್ಲವೇ ಗೊತ್ತಿಲ್ಲದ ಇನ್ನೊಂದು ಮನೆಗೆ ಸಾಗಿಸುವುದು. ಮೊದಲನೆಯದನ್ನು ಬರೆದು ನೋಡಿದೆ. ಓದಿಕೊಂಡಾಗ, ಅವನು ಮತ್ತೆ ಬಂದು ಹುಡುಗಿಯನ್ನು ಎಲ್ಲೋ ಕರೆದುಕೊಂಡು ಹೋದರೆ ಈ ಕಾಗದ ಯಾರಿಗೆ ಉತ್ತರ ಕೊಡುತ್ತದೆ ಅನ್ನಿಸಿತು. ಹರಿದು ಎರಡನೆಯದನ್ನು ಬರೆದೆ. ಸ್ಥಳದ ಗೌಪ್ಯತೆ ಪೂರ್ಣವಾಗಿ ನಷ್ಟವಾಗಿರುವುದರಿಂದ ಮಗುವನ್ನು ಬೇರೆ ಪೋಷಕ ಕುಟುಂಬಕ್ಕೆ ವರ್ಗಾಯಿಸುವುದು ಸೂಕ್ತ, ಎಂದು. ಸಮಿತಿ ಒಪ್ಪಿತು. ಹುಡುಗಿಯನ್ನು ಕೇಳಿದರು, ಅವಳು, "ಅಮ್ಮನೂ ಬರ್ತಾರಾ?" ಎಂದಷ್ಟೇ ಕೇಳಿದಳಂತೆ.

ಕಳಿಸುವ ದಿನ ಪೋಷಕ ತಾಯಿ ಬಟ್ಟೆಗಳನ್ನೆಲ್ಲ ಇಸ್ತ್ರಿ ಮಾಡಿ ಚೀಲಕ್ಕೆ ತುಂಬಿದ್ದರು. ಎಲ್ಲ ಸರ್ಕಾರಿ ಶಾಲೆಗೂ ಒಂದೇ ಆದ ಸಮವಸ್ತ್ರದ ಹೊಸ ಲಂಗವನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡಿದ್ದರು. ಅದರ ಅಂಚನ್ನು ನನ್ನ ಮುಂದೆ ತಿರುವಿ ತೋರಿಸಿದರು.

"ಎರಡು ಮಡಿಕೆ ಒಳಗೆ ಬಿಟ್ಟಿದೀನಿ ಅಕ್ಕಾ. ಉದ್ದ ಆದಂಗೆಲ್ಲ ಒಂದೊಂದೇ ಬಿಚ್ಕೋಬೇಕು ಅಂತ ಅವ್ರಿಗೆ ಹೇಳ್ಬುಡಿ. ಕತ್ತರಿ ಹಾಕ್ಬಾರ್ದು, ದಾರದ ತುದಿ ಎಳೆದ್ರೆ ಸಾಕು, ಬರ್ತದೆ."

ಹೇಳುತ್ತೇನೆ ಅಂದೆ. ಹುಡುಗಿ ಜೀಪು ಹತ್ತುವ ತನಕ ಅಳಲಿಲ್ಲ. ಪೈಲ್ವಾನರು ಕಟ್ಟೆಯಿಂದ ಎದ್ದು ನಿಂತಿದ್ದರು. ಗಂಡ ಆಟೋ ತೊಳೆಯುತ್ತಿದ್ದರು, ತೊಳೆದ ಜಾಗವನ್ನೇ ಮತ್ತೆ ತೊಳೆಯುತ್ತಿದ್ದರು.

ಹೊಸ ಪದ್ಧತಿಯನ್ನು ರೂಪಿಸುವ ಕೆಲಸವನ್ನು ಅಧಿಕಾರಿ ಮೇಡಂ ನನಗೇ ವಹಿಸಿದರು. ಗುರುತಿನ ವಿವರಗಳಿಗೇ ಬೇರೆ ಹಾಳೆ, ವರದಿಯಲ್ಲಿ ಕುಟುಂಬಕ್ಕೆ ಒಂದು ಸಂಖ್ಯೆ ಮಾತ್ರ. ಗಾಯದ ಗುರುತು, ಗೃಹಸ್ಥರ ಕಸುಬು, ಸುತ್ತಮುತ್ತಲ ಅಂಗಡಿ, ದೇವಸ್ಥಾನ ಯಾವುದೂ ವರದಿಯಲ್ಲಿ ಬರಕೂಡದು. ನಕಲು ಹೊರಗೆ ಹೋಗುವ ಮೊದಲು ಆ ಬಡಾವಣೆಯಲ್ಲೇ ಹುಟ್ಟಿ ಬೆಳೆದ ಒಬ್ಬ ಸಿಬ್ಬಂದಿಯ ಕೈಗೆ ಕೊಟ್ಟು, ಮನೆ ಗೊತ್ತಾಗುತ್ತದೆಯೇ ಎಂದು ಕೇಳಬೇಕು. ಇದನ್ನು ಮೇಷ್ಟ್ರ ಹೆಂಡತಿಯಿಂದ ಕಲಿತೆ. ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿದೆ. ಮಗುವನ್ನು ವರ್ಗಾಯಿಸಿದ ಮೇಲೆ, ಹೊಸ ಕುಟುಂಬದ ಅಥವಾ ಅಲ್ಲಿರುವ ಮಗುವಿನ ಯಾವುದೇ ವಿವರವನ್ನು ಹಿಂದಿನ ಕುಟುಂಬಕ್ಕೆ ತಿಳಿಸತಕ್ಕದ್ದಲ್ಲ. ಬಾಯಿಂದ ಬಾಯಿಗೆ ಹೋಗುವುದಕ್ಕೆ ಅದೂ ಒಂದು ದಾರಿ ತಾನೇ.

ಹೊಸ ಮನೆಯ ವರದಿ ಬರೆದವರು ಸಾಹೇಬರೇ. ಅದೇ ಕೊನೆಯದು, ಆಮೇಲೆ ಮಂಡಿ ನೋವು ಎಂದು ಕೆಲಸ ಬಿಟ್ಟರು. ಚಕ್ಕುಬಂದಿ ಬರೆಯುತ್ತಿದ್ದ ಜಾಗದಲ್ಲಿ ಅವರಿಗೆ ಸುಮ್ಮನಿರಲು ಆಗಿರಲಿಲ್ಲವೇನೋ, ಒಂದೇ ಸಾಲು ಬರೆದಿದ್ದರು: 'ಮನೆಯ ಸುತ್ತ ಮನೆಗಳಿವೆ.'

ಸೋದರಮಾವ ಮತ್ತೆ ಕೆಸರೆಗೆ ಬರಲೇ ಇಲ್ಲ. ಕಟ್ಟಡದ ಕೆಲಸ ಸಿಕ್ಕಿ ಬೇರೆ ಊರಿಗೆ ಹೊರಟುಹೋದ ಎಂದು ಪೊಲೀಸರೇ ಹೇಳಿದರು. ಹಾಗಾದರೆ ಹುಡುಗಿಯನ್ನು ವಾಪಸು ಕಳಿಸಬಹುದಲ್ಲ ಎಂದು ಸಮಿತಿಯ ಮುಂದೆ ಬಾಯಿಬಿಟ್ಟು ಕೇಳಿದೆ. ಈಗ ತಾನೇ ಬೇರು ಬಿಡುತ್ತಿರುವ ಮಗುವನ್ನು ಮತ್ತೆ ಕೀಳುವುದು ಬೇಡ ಅಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಆ ಮೊದಲ ವರದಿಯನ್ನು ಹರಿಯದೆ ಸ್ವಲ್ಪ ದಿನ ಮೇಜಿನ ಒಳಗೆ ಇಟ್ಟಿದ್ದರೆ ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಅವತ್ತು ಗೊತ್ತಿದ್ದದ್ದರ ಮೇಲೆ ಇವತ್ತೂ ಅದನ್ನೇ ಬರೆಯುತ್ತೇನೆ. ಅನ್ನಿಸುವುದು ಮಾತ್ರ ನಿಂತಿಲ್ಲ.

ಪೋಷಕ ತಾಯಿ ಆಗಾಗ ನಮ್ಮ ಕಚೇರಿಗೆ ಬರುತ್ತಾರೆ. ಆ ಕಡೆ ಸೀರೆ ಕೊಡಲು ಬಂದಿದ್ದೆ ಅನ್ನುತ್ತಾರೆ. ಆ ಕಡೆ ಅವರ ಗಿರಾಕಿಗಳು ಯಾರೂ ಇಲ್ಲ ಎಂದು ನನಗೂ ಗೊತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತು. ಬೆಂಚಿನ ಮೇಲೆ ಕೂತು ನೀರು ಕುಡಿದು ಹೋಗುತ್ತಾರೆ. ಇನ್ನೊಂದು ಮಗುವನ್ನು ಕೊಡಲೇ ಎಂದು ಒಮ್ಮೆ ಮೇಡಂ ಕೇಳಿದಾಗ, "ಬ್ಯಾಡ ಬುಡಿ ಮೇಡಂ. ಗರಡಿ, ಗಿರಣಿ ಎಲ್ಲಾ ಅಲ್ಲೇ ಅವಲ್ಲ," ಅಂದಿದ್ದರು.

ಮೊನ್ನೆ ಬಂದಾಗ ಶಾಲೆಗಳು ಶುರುವಾಗಿದ್ದವು. ಆಕೆ ಬರುವುದಕ್ಕೆ ಎರಡು ದಿನ ಮೊದಲಷ್ಟೇ ನಾನು ಹೊಸ ಮನೆಗೆ ಹೋಗಿ ಬಂದಿದ್ದೆ. ಹುಡುಗಿ ನನ್ನ ಮುಂದೆಯೇ ಶಾಲೆಗೆ ಹೊರಟು ನಿಂತಿದ್ದಳು. ಲಂಗದ ಒಂದು ಮಡಿಕೆ ಬಿಚ್ಚಿದ್ದರು. ಮಡಿಕೆಯೊಳಗಿದ್ದ ಬಟ್ಟೆಗೆ ಬಿಸಿಲು ತಾಗದೆ, ಅಷ್ಟಗಲ ಒಂದು ಪಟ್ಟಿ ಮಾತ್ರ ಹೊಸ ನೀಲಿಯಾಗಿ ಉಳಿದಿತ್ತು.

ಆಕೆ ನೀರು ಕುಡಿದು ಲೋಟ ಕೆಳಗಿಟ್ಟರು. ನನ್ನ ಹಿಂದಿನ ಬೀರುವಿನ ಕಡೆ ಒಮ್ಮೆ ನೋಡಿದರು.

"ಎಲ್ಲವಳೆ ಅಂತ ಕೇಳಕ್ಕಿಲ್ಲ ಅಕ್ಕಾ. ಒಂದೇ ಒಂದು ಹೇಳಿ. ಮಡಿಕೆ ಬಿಚ್ಚಿದ್ರಾ?"

ನಾನು ಬರೆದ ಸಾಲು ನನಗೆ ನೆನಪಿತ್ತು. ಅದರಲ್ಲಿ ಮಡಿಕೆಗೆ ವಿನಾಯಿತಿ ಇಟ್ಟಿರಲಿಲ್ಲ. ಮೇಜಿನ ಮೇಲಿದ್ದ ಕಾಗದಗಳನ್ನು ಜೋಡಿಸುತ್ತಾ ಕೂತೆ.

ಆಕೆ ಸ್ವಲ್ಪ ಹೊತ್ತು ಕಾದರು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ಬಿಚ್ಚಿರ್ತಾರೆ ಬುಡಿ," ಎಂದು ತಮಗೆ ತಾವೇ ಹೇಳಿಕೊಂಡು, ಲೋಟವನ್ನು ನಲ್ಲಿಯಲ್ಲಿ ತೊಳೆದು ಕೈಗೆಟುಕುವ ಹಲಗೆಯ ಮೇಲೆ ಬೋರಲಿಟ್ಟು ಹೋದರು.